ಅಂಗಡಿಯ ವರ್ಷ: ಕರ್ನಾಟಕದ ಸಣ್ಣ ವ್ಯಾಪಾರದ ದಿನಗಣನೆಯ ಚರಿತ್ರೆ

ಕರ್ನಾಟಕದ ಒಂದು ಕಿರಾಣಿ ಅಂಗಡಿಯ, ಸಣ್ಣ ಮುದ್ರಣಾಲಯದ ಅಥವಾ ಹತ್ತು ಹನ್ನೆರಡು ಮಂದಿ ದುಡಿಯುವ ಹೊಲಿಗೆ ಘಟಕದ ವರ್ಷ ಯಾವ ದಿನ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ತೆರಿಗೆಯ ಲೆಕ್ಕಕ್ಕೆ ಅದು ಏಪ್ರಿಲ್ 1. ರಜೆಗಳ ಪಟ್ಟಿಗೂ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯ ವಾರ್ಷಿಕ ವರದಿಗೂ ಜನವರಿ 1. ಮಳೆ ಬೆಳೆಯ ಫಲ ಕೇಳುವ ಪಂಚಾಂಗ ಶ್ರವಣಕ್ಕೆ ಯುಗಾದಿ. ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆ ತೆರೆಯುವ ಉತ್ತರ ಕರ್ನಾಟಕದ ವರ್ತಕರಿಗೆ ದೀಪಾವಳಿಯ ಬಲಿಪಾಡ್ಯಮಿ. ಮೇಲ್ನೋಟಕ್ಕೆ ಗೊಂದಲವಾಗಿ ಕಾಣುವ ಈ ಸ್ಥಿತಿಯ ಹಿಂದೆ ದೀರ್ಘವಾದ ಒಂದು ಚರಿತ್ರೆಯಿದೆ. ಸುಗ್ಗಿ ಮತ್ತು ಹಬ್ಬದ ಕಾಲ, ಬೊಕ್ಕಸದ ಕಾಲ, ದುಡಿಯುವವರ ವಿಶ್ರಾಂತಿಯ ಕಾಲ ಎಂಬ ಮೂರು ಬಗೆಯ ಕಾಲಗಳು ಒಂದರ ಮೇಲೊಂದು ಬಂದು ಸೇರಿ ಇಂದಿನ ಅಂಗಡಿಯ ವರ್ಷ ರೂಪುಗೊಂಡಿದೆ. ಇವುಗಳಲ್ಲಿ ಮೂರನೆಯದು ಎಲ್ಲಕ್ಕಿಂತ ತಡವಾಗಿ, ಎಲ್ಲಕ್ಕಿಂತ ಹೆಚ್ಚು ಹೋರಾಟದಿಂದ ಬಂದದ್ದು. ಕೆಲಸದ ಒತ್ತಡ ಹೆಚ್ಚಿದಾಗ ಮೊದಲು ಮರೆತುಹೋಗುವುದೂ ಅದೇ ಆಗಿರುವುದರಿಂದ ಅದರ ಮೂಲವನ್ನು ವಿವರವಾಗಿ ನೋಡುವುದು ಅಗತ್ಯ.

ಕಾಯಿದೆಗಳು ಬರುವುದಕ್ಕೆ ಮುಂಚೆ ವ್ಯಾಪಾರಕ್ಕೂ ಕಸುಬಿಗೂ ದಿನಗಣನೆ ಇರಲಿಲ್ಲವೆಂದು ಭಾವಿಸುವುದು ತಪ್ಪು. ವಾರಕ್ಕೊಮ್ಮೆ ನೆರೆಯುವ ಸಂತೆ ಸುತ್ತಲಿನ ಹತ್ತಾರು ಹಳ್ಳಿಗಳ ಕೊಡುಕೊಳೆಯನ್ನು ನಿರ್ಧರಿಸುತ್ತಿತ್ತು. ಸಂತೆಯಿಂದ ಸಂತೆಗೆ ಗಂಟು ಹೊತ್ತು ಸಾಗುವ ವ್ಯಾಪಾರಿಗೆ ವಾರವೆಂಬುದೇ ಊರುಗಳ ಸರಣಿಯಾಗಿತ್ತು. ಬೇಸಾಯಗಾರರು ಸೋಮವಾರ ಎತ್ತುಗಳಿಗೆ ನೊಗ ಹೂಡುತ್ತಿರಲಿಲ್ಲ. ಹಲವು ಕಸುಬುದಾರರು, ವಿಶೇಷವಾಗಿ ಉತ್ತರದ ಜಿಲ್ಲೆಗಳಲ್ಲಿ, ಅಮಾವಾಸ್ಯೆಯಂದು ಮಗ್ಗ ಕುಲುಮೆಗಳಿಗೆ ಬಿಡುವು ಕೊಡುತ್ತಿದ್ದರು. ಅಲ್ಲಿನ ಅನೇಕ ಮಾರುಕಟ್ಟೆಗಳಲ್ಲಿ ಹಮಾಲರು ಇಂದಿಗೂ ಅಮಾವಾಸ್ಯೆಯ ದಿನ ಮೂಟೆ ಎತ್ತುವುದಿಲ್ಲ. ಕ್ಷೌರದ ಅಂಗಡಿಗಳು ಮಂಗಳವಾರ ಬಾಗಿಲು ಹಾಕುವ ರೂಢಿಯೂ ಈ ಬಗೆಯದೇ. ವರ್ಷದ ಆಳುಗಳನ್ನು ಯುಗಾದಿಯಿಂದ ಯುಗಾದಿಗೆ ಗೊತ್ತುಮಾಡಿಕೊಳ್ಳುವ ವಾಡಿಕೆ ಹಲವು ಕಡೆಗಳಲ್ಲಿತ್ತು. ಆದರೆ ಈ ಬಿಡುವುಗಳು ಎತ್ತಿನ, ಉಪಕರಣದ ಅಥವಾ ದೇವರ ಹೆಸರಿನಲ್ಲಿ ಬಂದವೇ ಹೊರತು ಆಳಿನ ಹೆಸರಿನಲ್ಲಿ ಬಂದವಲ್ಲ. ಒಡೆಯನು ಆ ದಿನ ಬೇರೆ ಕೆಲಸ ಹೇಳಿದರೆ ಒಲ್ಲೆನೆನ್ನುವ ಹಕ್ಕು ಆಳಿಗಿರಲಿಲ್ಲ.

ವರ್ತಕರ ದಿನಗಣನೆಯ ಅತ್ಯಂತ ಹಳೆಯ ಸಾಕ್ಷಿಗಳಲ್ಲಿ ಒಂದು ಕಡತ. ಇಂದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಸಲ್ಲುವ ಈ ಹೆಸರು ಮೂಲತಃ ಒಂದು ಬಗೆಯ ಬಟ್ಟೆಯ ಪುಸ್ತಕದ್ದು: ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಕಪ್ಪುಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕೊನೆಗಳಿಗೆ ಮರದ ರಟ್ಟು ಕಟ್ಟುತ್ತಿದ್ದರು, ಬರೆಯುವುದಕ್ಕೆ ಬಳಪವನ್ನು ಬಳಸುತ್ತಿದ್ದರು. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದ ಈ ಪುಸ್ತಕಕ್ಕೆ ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟಬೇಕಾದ ಅಗತ್ಯವಿರಲಿಲ್ಲ. ಕಾಗದ ಅಗ್ಗವಾಗಿ, ಹೊಲಿದ ವಹಿಗಳು ಬಳಕೆಗೆ ಬಂದ ಮೇಲೆಯೇ ಲೆಕ್ಕದ ಪುಸ್ತಕಕ್ಕೆ ಆದಿ ಅಂತ್ಯಗಳು ಸ್ಪಷ್ಟವಾಗಿ ಬಂದವು. ಹಳೆಯ ವಹಿಯನ್ನು ಮುಗಿಸಿ ಹೊಸದನ್ನು ತೆರೆಯುವ ದಿನ ಪೂಜೆಯ ದಿನವೂ ಆಯಿತು.

ಆ ಪೂಜೆಯ ವಿಧಾನ ಹುಬ್ಬಳ್ಳಿ, ಗದಗ, ಬೈಲಹೊಂಗಲ, ರಾಯಚೂರುಗಳ ಅಡತಿ ಅಂಗಡಿಗಳಲ್ಲಿ, ಅಂದರೆ ರೈತರ ಮಾಲನ್ನು ದಲಾಲಿಯ ಮೇಲೆ ಮಾರಿಕೊಡುವ ಅಂಗಡಿಗಳಲ್ಲಿ, ಬಹುಮಟ್ಟಿಗೆ ಒಂದೇ ತೆರನಾಗಿದೆ. ದೀಪಾವಳಿಗೆ ಹಲವು ದಿನ ಮುಂಚಿನಿಂದಲೇ ದಿವಾಣಜಿ, ಅಂದರೆ ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತ, ರೋಜುಕಿರ್ದಿಯಲ್ಲಿನ ದಿನದಿನದ ಜಮಾ ಖರ್ಚುಗಳನ್ನು ಒಬ್ಬೊಬ್ಬರ ಖಾತೆಗೆ ಇಳಿಸಿ ಉದ್ರಿಯ ಬಾಕಿಗಳನ್ನು ಪಟ್ಟಿ ಮಾಡುತ್ತಾನೆ. ವಸೂಲಿಯಾಗುವುದು ವಸೂಲಿಯಾಗಿ, ಆಗದೆ ಉಳಿದದ್ದು ಹೊಸ ವರ್ಷಕ್ಕೆ ಹೋಗುತ್ತದೆ. ಅಮಾವಾಸ್ಯೆಯ ಸಂಜೆ ಶಿಲ್ಕು ತೆಗೆದು, ಅಂದರೆ ಕೈಯಲ್ಲುಳಿದ ನಗದನ್ನು ಎಣಿಸಿ ಪುಸ್ತಕದ ಮೊತ್ತದೊಂದಿಗೆ ತಾಳೆ ನೋಡಿ, ಕೆಂಪು ಬಟ್ಟೆಯ ರಟ್ಟಿನ ಹೊಸ ವಹಿಯ ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿ, ಶ್ರೀಕಾರ ಬರೆದು, ಎಲೆ ಅಡಿಕೆಯೊಂದಿಗೆ ನಾಣ್ಯವನ್ನಿಟ್ಟು ಪೂಜಿಸುತ್ತಾರೆ. ಬಲಿಪಾಡ್ಯಮಿಯಂದು ಹೊಸ ಪುಸ್ತಕದಲ್ಲಿ ಮೊದಲ ಜಮೆ ಬೀಳುತ್ತದೆ. ಕಾರ್ತಿಕ ಶುದ್ಧ ಪಾಡ್ಯಮಿಯಿಂದ ವಿಕ್ರಮ ಸಂವತ್ಸರವನ್ನು ಎಣಿಸುವ ಗುಜರಾತಿ ವರ್ತಕರ ಪದ್ಧತಿಗೂ ಇದಕ್ಕೂ ಹೋಲಿಕೆಯಿದ್ದರೂ ಇಲ್ಲಿನ ರೂಢಿಗೆ ಬಲವಾದ ಸ್ಥಳೀಯ ಕಾರಣವೂ ಇತ್ತು: ಮುಂಗಾರಿನ ಬೆಳೆ ಕೈಗೆ ಬಂದು, ಹತ್ತಿಯ ಹಂಗಾಮು ಇನ್ನೂ ಆರಂಭವಾಗದ ಆ ನಡುವಿನ ದಿನಗಳಲ್ಲಿ ಮಾತ್ರ ರೈತನ ಕೈಯಲ್ಲಿ ಹಣ ಇರುತ್ತಿತ್ತು, ವರ್ತಕನ ಕೈಯಲ್ಲಿ ಸಮಯ ಇರುತ್ತಿತ್ತು.

ಬೊಕ್ಕಸದ ವರ್ಷ ಈ ಲಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬ್ರಿಟಿಷ್ ಭಾರತದಲ್ಲಿ ಮೇ 1ರಿಂದ ಏಪ್ರಿಲ್ 30ರವರೆಗೆ ಇದ್ದ ಹಣಕಾಸು ವರ್ಷವನ್ನು 1867ರಲ್ಲಿ ಇಂಗ್ಲೆಂಡಿನ ಸರ್ಕಾರಿ ಲೆಕ್ಕಕ್ಕೆ ಹೊಂದಿಸುವ ಸಲುವಾಗಿ ಏಪ್ರಿಲ್ 1ಕ್ಕೆ ತರಲಾಯಿತು. ಆದರೆ ಕನ್ನಡ ನಾಡು ಆಗ ಒಂದೇ ಆಡಳಿತದಲ್ಲಿರಲಿಲ್ಲ. ಮೈಸೂರು ಸಂಸ್ಥಾನದ ಆಡಳಿತ ವರ್ಷ ಜುಲೈ 1ರಿಂದ ಜೂನ್ 30ರವರೆಗಿನದಾಗಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿಗಳಲ್ಲಿ ಭೂಕಂದಾಯವನ್ನು ಫಸಲಿ ವರ್ಷದಂತೆ, ಅಂದರೆ ಮೊಗಲರ ಕಾಲದಲ್ಲಿ ಫಸಲಿನ ಲೆಕ್ಕಕ್ಕಾಗಿ ರೂಢಿಗೆ ಬಂದ ವರ್ಷದಂತೆ, ಜುಲೈ 1ರಿಂದ ಎಣಿಸುತ್ತಿದ್ದರು. ನಿಜಾಮರ ಆಳ್ವಿಕೆಯ ಕಲಬುರಗಿ, ಬೀದರ, ರಾಯಚೂರುಗಳಲ್ಲಿ ಫಸಲಿ ವರ್ಷ ಅಜೂರ್ ಎಂಬ ತಿಂಗಳಿನಿಂದ, ಸರಿಸುಮಾರು ಅಕ್ಟೋಬರಿನ ಮೊದಲ ವಾರದಿಂದ, ಆರಂಭವಾಗುತ್ತಿತ್ತು. ಗದಗಿನಲ್ಲಿ ಕೊಂಡು ರಾಯಚೂರಿನಲ್ಲಿ ಮಾರುವ ಒಬ್ಬ ವರ್ತಕನು ಎರಡು ಸರ್ಕಾರಗಳ ಎರಡು ವರ್ಷಗಳ ನಡುವೆ ತನ್ನದೇ ಮೂರನೆಯ ವರ್ಷವನ್ನು ಇಟ್ಟುಕೊಂಡು ವ್ಯವಹರಿಸುತ್ತಿದ್ದನು. ಆ ಮೂರನೆಯದೇ ಅವನ ಮಟ್ಟಿಗೆ ನಿಜವಾದದ್ದಾಗಿತ್ತು.

ಆಶ್ಚರ್ಯದ ಸಂಗತಿಯೆಂದರೆ ಆದಾಯ ತೆರಿಗೆಯ ಕಾಯಿದೆ ಬಹುಕಾಲ ಈ ಮೂರನೆಯ ವರ್ಷವನ್ನು ಮಾನ್ಯ ಮಾಡಿತು. 1922ರ ಕಾಯಿದೆಯಲ್ಲಿಯೂ 1961ರ ಕಾಯಿದೆಯಲ್ಲಿಯೂ ತೆರಿಗೆದಾರನು ತನ್ನ ಲೆಕ್ಕಪುಸ್ತಕಗಳನ್ನು ಮುಗಿಸುವ ದಿನವನ್ನೇ ವರ್ಷಾಂತ್ಯವೆಂದು ಆರಿಸಿಕೊಳ್ಳಬಹುದಾಗಿತ್ತು. ಯಾವ ವರ್ಷದ ಆದಾಯಕ್ಕೆ ತೆರಿಗೆ ಕಟ್ಟಬೇಕೋ ಆ ವರ್ಷಕ್ಕೆ 'ಹಿಂದಿನ ವರ್ಷ' ಎಂದೂ, ತೆರಿಗೆ ನಿರ್ಧಾರವಾಗುವ ಮುಂದಿನ ವರ್ಷಕ್ಕೆ 'ನಿರ್ಧರಣಾ ವರ್ಷ' ಎಂದೂ ಹೆಸರಿತ್ತು. ದೀಪಾವಳಿಯಿಂದ ದೀಪಾವಳಿಗೆ ಲೆಕ್ಕ ಇಡುವವನ 'ಹಿಂದಿನ ವರ್ಷ' ದೀಪಾವಳಿಗೇ ಮುಗಿಯುತ್ತಿತ್ತು. ಒಂದೇ ಬೀದಿಯಲ್ಲಿ ಒಬ್ಬನ ವರ್ಷ ಯುಗಾದಿಗೆ, ಪಕ್ಕದವನದು ದೀಪಾವಳಿಗೆ, ಎದುರಿನವನದು ಡಿಸೆಂಬರಿಗೆ ಮುಗಿಯುವುದು ಸಾಧ್ಯವಾಗಿದ್ದ ಈ ವ್ಯವಸ್ಥೆಯಲ್ಲಿ ತೆರಿಗೆಯನ್ನು ಮುಂದೂಡುವ ಅನುಕೂಲವೂ ಇದ್ದುದರಿಂದ, 1987ರ ತಿದ್ದುಪಡಿ ಕಾಯಿದೆ ಅದನ್ನು ಕೊನೆಗೊಳಿಸಿ 1989–90ರ ನಿರ್ಧರಣಾ ವರ್ಷದಿಂದ ಎಲ್ಲರಿಗೂ ಮಾರ್ಚ್ 31ರ ವರ್ಷಾಂತ್ಯವನ್ನು ಕಡ್ಡಾಯಗೊಳಿಸಿತು. ಬದಲಾವಣೆಯ ಆ ಹಂತದಲ್ಲಿ 1987ರ ದೀಪಾವಳಿಗೆ ಪುಸ್ತಕ ಮುಗಿಸಿದ್ದ ವರ್ತಕನು ಅಲ್ಲಿಂದ 1989ರ ಮಾರ್ಚ್ 31ರವರೆಗಿನ ಅವಧಿಯನ್ನೆಲ್ಲ ಒಂದೇ 'ಹಿಂದಿನ ವರ್ಷ'ವೆಂದು ಪರಿಗಣಿಸಬೇಕಾಯಿತು. 17 ತಿಂಗಳನ್ನೂ ಮೀರಿದ ಈ ವಿಚಿತ್ರ ವರ್ಷದ ತೆರಿಗೆಯನ್ನು ಸರಿದೂಗಿಸಲು ಕಾಯಿದೆಗೆ ಪ್ರತ್ಯೇಕ ಅನುಸೂಚಿಯನ್ನೇ ಸೇರಿಸಬೇಕಾಗಿ ಬಂದಿತು. ಅಂದಿನಿಂದ ದೀಪಾವಳಿಯ ಖಾತೆ ಪೂಜೆ ಲೆಕ್ಕದ ಕ್ರಿಯೆಯಾಗಿ ಉಳಿಯದೆ ಶ್ರದ್ಧೆಯ ಕ್ರಿಯೆಯಾಗಿ ಉಳಿಯಿತು. ಶತಮಾನಗಳ ರೂಢಿಯೊಂದು ಸದ್ದಿಲ್ಲದೆ ತನ್ನ ಕಾನೂನುಬದ್ಧ ಸ್ಥಾನವನ್ನು ಕಳೆದುಕೊಂಡ ಈ ಪ್ರಸಂಗ ಕರ್ನಾಟಕದ ವಾಣಿಜ್ಯ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ಏಪ್ರಿಲ್ ವರ್ಷವೇ ಮಳೆಯ ನಾಡಿಗೆ ಹೊಂದುವುದಿಲ್ಲವೆಂಬ ವಾದವೂ ಇದೇ ದಶಕದಲ್ಲಿ ಕೇಳಿಬಂದಿತ್ತು, ಎಲ್.ಕೆ. ಝಾ ಅವರ ಅಧ್ಯಕ್ಷತೆಯ ಸಮಿತಿ 1985ರಲ್ಲಿ, ನೈರುತ್ಯ ಮಾನ್ಸೂನಿನ ಫಲಿತಾಂಶ ತಿಳಿದ ನಂತರ ಆಯವ್ಯಯ ರೂಪಿಸುವಂತಾಗಲೆಂದು ಜನವರಿಯಿಂದ ವರ್ಷ ಆರಂಭಿಸುವ ಸಲಹೆ ಕೊಟ್ಟಿತಾದರೂ ಸರ್ಕಾರ ಅದನ್ನು ಒಪ್ಪಲಿಲ್ಲ.

ವಿಶ್ರಾಂತಿಯ ದಿನದ ಚರಿತ್ರೆ ಗಿರಣಿಗಳಿಂದ ಆರಂಭವಾಗುತ್ತದೆ. 1881ರ ಮೊದಲ ಕಾರ್ಖಾನೆ ಕಾಯಿದೆ ಏಳರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ದಿನಕ್ಕೆ ಒಂಬತ್ತು ಗಂಟೆಗೆ ಮಿತಿಗೊಳಿಸಿ ಅವರಿಗೆ ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು. ವಯಸ್ಕರ ಬಗ್ಗೆ ಅದು ಮೌನವಾಗಿತ್ತು. ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿದ, ಜ್ಯೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ವಾರದ ರಜೆಗಾಗಿ ಮನವಿಗಳನ್ನು ಸಲ್ಲಿಸುತ್ತ ಬಂದರು. 1890ರಲ್ಲಿ ಗಿರಣಿ ಮಾಲೀಕರು ಭಾನುವಾರದ ರಜೆಗೆ ಸಮ್ಮತಿಸಿದರು. 1891ರ ಕಾಯಿದೆ ವಾರಕ್ಕೊಂದು ರಜೆಯನ್ನು ಕಾರ್ಖಾನೆಗಳಿಗೆ ನಿಯಮವಾಗಿಸಿತು. ಭಾನುವಾರವನ್ನು ಆಳುವವರ ಚರ್ಚಿನ ದಿನವೆಂದಷ್ಟೇ ನೋಡದೆ ಖಂಡೋಬನ ದಿನವೆಂದೂ ಮಂಡಿಸಿದ್ದು ಈ ಚಳವಳಿಯ ವಿವೇಕವನ್ನು ತೋರಿಸುತ್ತದೆ. ಕನ್ನಡ ನಾಡಿನಲ್ಲಿ ಮೈಲಾರಲಿಂಗನೆಂದು ಪೂಜೆಗೊಳ್ಳುವ ದೈವವೂ ಅದೇ ಆಗಿರುವುದರಿಂದ, ಮುಂಬಯಿಯ ಗಿರಣಿಗಳಿಗೆ ಹೋಗಿದ್ದ ಮತ್ತು ಊರಿನಲ್ಲೇ ಉಳಿದಿದ್ದ ಕನ್ನಡದ ದುಡಿಮೆಗಾರರೆಲ್ಲರಿಗೂ ಆ ವಾದ ಪರಕೀಯವೆನಿಸುವಂತಿರಲಿಲ್ಲ. ಕರಾವಳಿಯಲ್ಲಿ ಭಾನುವಾರ ಬೇರೊಂದು ದಾರಿಯಿಂದ ಬಂದಿತು: ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಲ್ಲಿ ಅದು ಧರ್ಮದ ಕಟ್ಟಳೆಯಾಗಿತ್ತು.

ಇವೆಲ್ಲ ಚಿಮಣಿಯಿದ್ದ ಕಡೆಯ ಮಾತು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ, ಹೋಟೆಲಿನ ಮಾಣಿ, ಜವಳಿ ಅಂಗಡಿಯ ಗುಮಾಸ್ತ ಇವರಿಗೆ ಮತ್ತೆ ಅರ್ಧ ಶತಮಾನ ಯಾವ ರಕ್ಷಣೆಯೂ ಸಿಗಲಿಲ್ಲ. ಅಂಗಡಿಯ ಕೆಲಸ ಶ್ರಮವಲ್ಲ, ಅದು ಮನೆಯ ವ್ಯವಹಾರದ ವಿಸ್ತರಣೆ ಎಂಬ ಭಾವನೆ ಅದಕ್ಕೆ ಮುಖ್ಯ ಕಾರಣವಾಗಿತ್ತು. ಕೆಲಸದ ಹುಡುಗರು ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದುದರಿಂದ ಬಾಗಿಲು ತೆರೆಯುವ ಹೊತ್ತಿಗೂ ಮುಚ್ಚುವ ಹೊತ್ತಿಗೂ ಅರ್ಥವೇ ಇರಲಿಲ್ಲ. ಭಾರತದಲ್ಲಿ ಅಂಗಡಿಗಳ ಕೆಲಸದ ಅವಧಿಯನ್ನು ನಿಯಂತ್ರಿಸಿದ ಮೊದಲ ಕಾಯಿದೆ 1939ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಂದಿತು. ಆ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆ ಕಾಯಿದೆಯ ವ್ಯಾಪ್ತಿಯ ಪ್ರದೇಶದೊಳಗಿದ್ದವು. 1942ರಲ್ಲಿ ಕೇಂದ್ರ ಸರ್ಕಾರ ವಾರದ ರಜೆಗಳ ಕಾಯಿದೆಯನ್ನು ತಂದರೂ ಅದನ್ನು ಜಾರಿಗೊಳಿಸುವುದನ್ನು ಪ್ರಾಂತ್ಯಗಳ ಇಚ್ಛೆಗೆ ಬಿಟ್ಟಿತು. ಮದ್ರಾಸ್ ಪ್ರಾಂತ್ಯದಲ್ಲಿ 1947ರಲ್ಲಿ, ಮೈಸೂರಿನಲ್ಲಿ 1948ರಲ್ಲಿ, ಹೈದರಾಬಾದಿನಲ್ಲಿ 1951ರಲ್ಲಿ ಪ್ರತ್ಯೇಕ ಕಾಯಿದೆಗಳಾದವು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ಅಂಗಡಿಯ ಗುಮಾಸ್ತನ ಹಕ್ಕು ಅವನ ಊರು ಹಿಂದೆ ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ಅವಲಂಬಿಸಿತ್ತು. ಆ ಭೇದವನ್ನು ಅಳಿಸಿದ್ದು ಇಂದಿಗೂ ಜಾರಿಯಲ್ಲಿರುವ 1961ರ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ಏಕೀಕರಣದ ಚರಿತ್ರೆಯನ್ನು ಭಾಷೆ ಮತ್ತು ಗಡಿಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ವಾರದ ರಜೆ ಬೀದರಿನಿಂದ ಮಂಗಳೂರಿನವರೆಗೆ ಒಂದೇ ನಿಯಮಕ್ಕೆ ಬಂದದ್ದೂ ಏಕೀಕರಣದ ಫಲವೇ ಎಂಬುದನ್ನು ಅದರೊಂದಿಗೆ ಸೇರಿಸಬೇಕು.

1961ರ ಈ ಕಾಯಿದೆ ಕೆಲಸವನ್ನು ದಿನಕ್ಕೆ ಒಂಬತ್ತು ಗಂಟೆಗೆ, ವಾರಕ್ಕೆ ನಲವತ್ತೆಂಟು ಗಂಟೆಗೆ ಮಿತಿಗೊಳಿಸಿದ್ದಲ್ಲದೆ, ಅಂಗಡಿಯ ವಾರದ ರಜೆ ಯಾವ ದಿನವೆಂಬುದನ್ನು ವರ್ಷದ ಆರಂಭದಲ್ಲೇ ನಿಗದಿಪಡಿಸಿ ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗುಹಾಕುವಂತೆ ಮಾಲೀಕನಿಗೆ ವಿಧಿಸಿತು. ಊರಿನ ಸಂತೆಯ ದಿನವನ್ನು ಬಿಟ್ಟು ಬೇರೊಂದು ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ವರ್ತಕರಿಗೆ ಉಳಿದುದರಿಂದ ಒಂದೊಂದು ಊರಿನಲ್ಲಿ ವಾರದ ಒಂದೊಂದು ದಿನ ಬಜಾರ್ ಬಂದ್ ಆಗುವ ಪದ್ಧತಿ ಬೆಳೆಯಿತು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ದೇವರ ಪಟ, ಅದರ ಪಕ್ಕದಲ್ಲಿ ತಿಥಿ ನಕ್ಷತ್ರ ರಾಹುಕಾಲಗಳನ್ನೂ ಸರ್ಕಾರಿ ರಜೆಗಳನ್ನೂ ಒಂದೇ ಚೌಕದಲ್ಲಿ ಮುದ್ರಿಸಿದ ಕ್ಯಾಲೆಂಡರು, ಅದರ ಕೆಳಗೆ ಕಟ್ಟು ಹಾಕಿಸಿದ ನೋಂದಣಿ ಪತ್ರ, ವಾರದ ರಜೆಯ ಸೂಚನೆ: ಕಳೆದ ಅರವತ್ತು ವರ್ಷಗಳಲ್ಲಿ ಸ್ಥಿರಗೊಂಡ ಈ ಜೋಡಣೆಯಲ್ಲಿ ಹಬ್ಬದ, ಬೊಕ್ಕಸದ, ದುಡಿಮೆಯ ಕಾಲಗಳು ಅಕ್ಷರಶಃ ಅಕ್ಕಪಕ್ಕದಲ್ಲಿವೆ.

1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂಬಳ ಸಹಿತ ರಜೆಯನ್ನು ಹಕ್ಕಾಗಿಸಿತು. ಇಂದು ಅದರಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನಗಳ ಜೊತೆಗೆ ಆಯಾ ಸಂಸ್ಥೆಯವರು ಸಮಾಲೋಚಿಸಿ ಗೊತ್ತುಮಾಡುವ ಐದು ಹಬ್ಬಗಳಿವೆ. 1923ರಲ್ಲಿ ಮದ್ರಾಸಿನ ಕಡಲ ದಂಡೆಯಲ್ಲಿ ಸಿಂಗಾರವೇಲು ಅವರ ನಾಯಕತ್ವದಲ್ಲಿ ಭಾರತದಲ್ಲಿ ಮೊದಲ ಬಾರಿ ಆಚರಣೆಯಾದ ಮೇ ದಿನವೂ ಮನೆಮನೆಯ ಗೌರಿ ಗಣೇಶ ಹಬ್ಬವೂ ಒಂದೇ ಪಟ್ಟಿಯಲ್ಲಿ ಸಮಾನ ಸ್ಥಾನ ಪಡೆದದ್ದು ಈ ಕಾಯಿದೆಯಿಂದ.

ಹಬ್ಬದ ಕಾಲವೂ ದುಡಿಮೆಯ ಕಾಲವೂ ಅತ್ಯಂತ ನಿಕಟವಾಗಿ ಬೆಸೆದುಕೊಂಡಿರುವುದು ಬೋನಸ್ಸಿನಲ್ಲಿ. ಮೊದಲ ಮಹಾಯುದ್ಧದ ಬೆಲೆಯೇರಿಕೆಯ ಕಾಲದಲ್ಲಿ, 1917ರ ಹೊತ್ತಿಗೆ, ಪಶ್ಚಿಮ ಭಾರತದ ಬಟ್ಟೆ ಗಿರಣಿಗಳು ಯುದ್ಧ ಬೋನಸ್ಸೆಂದು ಕೊಡಲಾರಂಭಿಸಿದ ಹಣ ಮೊದಲು ಮಾಲೀಕರ ಔದಾರ್ಯವೆನಿಸಿಕೊಂಡಿತ್ತು. 1950ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಹೆಚ್ಚುವರಿ ಲಾಭದಲ್ಲಿ ಕಾರ್ಮಿಕರಿಗೆ ಸಲ್ಲುವ ಪಾಲೆಂದು ಪರಿಗಣಿಸಿ ಲೆಕ್ಕದ ಸೂತ್ರವೊಂದನ್ನು ಕೊಟ್ಟಿತು, ಎಂ.ಆರ್. ಮೆಹೆರ್ ಅವರ ಅಧ್ಯಕ್ಷತೆಯ ಆಯೋಗದ ವರದಿಯ ನಂತರ 1965ರಲ್ಲಿ ಬೋನಸ್ ಪಾವತಿ ಕಾಯಿದೆ ಬಂದಿತು. ಕಾರ್ಖಾನೆಗಳಿಗೂ ಇಪ್ಪತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಇತರ ಸಂಸ್ಥೆಗಳಿಗೂ ಅನ್ವಯಿಸಿದ ಆ ಕಾಯಿದೆಯಲ್ಲಿ ಕನಿಷ್ಠ ಬೋನಸ್ಸು ಆರಂಭದಲ್ಲಿ ಸಂಬಳದ ಶೇಕಡ 4ರಷ್ಟಿದ್ದು, ಎಪ್ಪತ್ತರ ದಶಕದಲ್ಲಿ ಶೇಕಡ 8.33ಕ್ಕೆ, ಅಂದರೆ ವರ್ಷಕ್ಕೊಂದು ತಿಂಗಳ ಸಂಬಳಕ್ಕೆ, ಏರಿತು. ಹಬ್ಬದ ಮುಂಚೆ ಮಾಲೀಕನು ಕೊಟ್ಟ ಪೂಜಾ ಬೋನಸ್ಸನ್ನೋ ರೂಢಿಯ ಬೋನಸ್ಸನ್ನೋ ಕಾಯಿದೆಯ ಬೋನಸ್ಸಿನಲ್ಲಿ ವಜಾ ಮಾಡಿಕೊಳ್ಳಬಹುದೆಂದು ಅದರ ಹದಿನೇಳನೆಯ ಪ್ರಕರಣ ಹೇಳಿತ್ತು. ಹಬ್ಬದ ದಿನ ಆಳಿಗೆ ಹೊಸ ಬಟ್ಟೆಯನ್ನೂ ಕೈಕಾಸನ್ನೂ ಕೊಡುವ ಹಳೆಯ ವಾಡಿಕೆಯನ್ನು ಶಾಸನ ತಳ್ಳಿಹಾಕದೆ ತನ್ನ ಲೆಕ್ಕದೊಳಗೆ ಬರಮಾಡಿಕೊಂಡ ಸ್ಪಷ್ಟ ನಿದರ್ಶನವಿದು.

ಬೋನಸ್ಸಿನ ಗಡುವೂ ಗಮನಾರ್ಹವಾದದ್ದು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಅದನ್ನು ಕೊಡಬೇಕು. 1965ರಲ್ಲಿ ದೀಪಾವಳಿಗೆ ಪುಸ್ತಕ ಮುಗಿಸುತ್ತಿದ್ದ ವರ್ತಕನಿಗೆ ಈ ಗಡುವು ಮುಂದಿನ ಮಳೆಗಾಲದ ಹೊತ್ತಿಗೆ ಬೀಳುತ್ತಿತ್ತು. ತೆರಿಗೆಯ ಕಾರಣದಿಂದ ಎಲ್ಲರ ವರ್ಷಾಂತ್ಯವೂ ಮಾರ್ಚ್ 31ಕ್ಕೆ ಬಂದ ಮೇಲೆ ಅದು ನವೆಂಬರ್ 30ಕ್ಕೆ ಬಂದು ನಿಂತಿತು. ದೀಪಾವಳಿಯ ಅಮಾವಾಸ್ಯೆ ಅಕ್ಟೋಬರಿನ ಮಧ್ಯಭಾಗದಿಂದ ನವೆಂಬರಿನ ಮಧ್ಯಭಾಗದೊಳಗೆ ಬೀಳುವುದರಿಂದ ಕಾಯಿದೆಯ ಗಡುವು ಯಾವಾಗಲೂ ಹಬ್ಬ ಕಳೆದ ಮೇಲೆಯೇ ಬರುತ್ತದೆ. ಆದರೂ ಕರ್ನಾಟಕದಲ್ಲಿ ಬೋನಸ್ಸನ್ನು ಆಯುಧಪೂಜೆಗೆ, ಉತ್ತರದಲ್ಲಿ ಖಂಡೇನವಮಿ ಎನ್ನುವ ಹಬ್ಬಕ್ಕೆ, ತಪ್ಪಿದರೆ ದೀಪಾವಳಿಗೆ ಕೊಡುವುದೇ ಮರ್ಯಾದೆ. ನವೆಂಬರ್ 30ರವರೆಗೆ ಕಾಯುವ ಮಾಲೀಕನು ಕಾಯಿದೆಯನ್ನು ಮುರಿದಂತಾಗುವುದಿಲ್ಲ, ರೂಢಿಯನ್ನು ಮುರಿದಂತಾಗುತ್ತದೆ, ಮತ್ತು ಎರಡರಲ್ಲಿ ಕಾರ್ಮಿಕರು ಸುಲಭವಾಗಿ ಮರೆಯದಿರುವುದು ಎರಡನೆಯದನ್ನು.

ಉಳಿದ ತಾರೀಕುಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸಾವಿರಕ್ಕಿಂತ ಕಡಿಮೆ ಮಂದಿ ದುಡಿಯುವ ಕಡೆ ತಿಂಗಳ ಏಳನೆಯ ದಿನ ದಾಟುವ ಮುಂಚೆ ಸಂಬಳ ಕೊಡಬೇಕೆಂಬುದು 1936ರ ವೇತನ ಪಾವತಿ ಕಾಯಿದೆಯಿಂದ ಬಂದದ್ದು. ಭವಿಷ್ಯ ನಿಧಿಗೂ ನೌಕರರ ರಾಜ್ಯ ವಿಮೆಗೂ ಮುಂದಿನ ತಿಂಗಳ 15 ಗಡುವು. ಬೆಲೆ ಸೂಚ್ಯಂಕಕ್ಕೆ ಹೊಂದಿಕೊಂಡ ತುಟ್ಟಿಭತ್ಯೆಯಿಂದಾಗಿ ಕರ್ನಾಟಕದಲ್ಲಿ ಕನಿಷ್ಠ ವೇತನ ಪ್ರತಿ ಏಪ್ರಿಲ್ 1ರಂದು ಬದಲಾಗುತ್ತದೆ. 1976ರಿಂದ ಜಾರಿಯಲ್ಲಿರುವ ವೃತ್ತಿ ತೆರಿಗೆಯನ್ನು ಮಾಲೀಕನು ತನ್ನ ಪಾಲಿಗೆ ಏಪ್ರಿಲ್ 30ರೊಳಗೆ ಕಟ್ಟುತ್ತಾನೆ. ಕಾರ್ಮಿಕ ಕಲ್ಯಾಣ ನಿಧಿಯ ವಂತಿಗೆ ಡಿಸೆಂಬರ್ 31ರ ಹಾಜರಿಪಟ್ಟಿಯಂತೆ ಜನವರಿ 15ರೊಳಗೆ ಸಲ್ಲುತ್ತದೆ. ಹೀಗೆ ಗಿರಣಿಗಳಿಗಾಗಿ ಹುಟ್ಟಿದ ಗಡುವುಗಳು ಕ್ರಮೇಣ ಚಿಕ್ಕ ಸಂಸ್ಥೆಗಳಿಗೂ ಇಳಿದು ಬಂದವು. ಗಿರಣಿಯಲ್ಲಿ ಇವನ್ನೆಲ್ಲ ನೋಡಿಕೊಳ್ಳಲು ಒಂದು ಇಲಾಖೆಯೇ ಇದ್ದರೆ, ಅಂಗಡಿಯಲ್ಲಿ ಗಲ್ಲಾದಲ್ಲಿ ಕುಳಿತವನೇ ಅದನ್ನೂ ನೋಡಿಕೊಳ್ಳಬೇಕಾಗಿದೆ ಎಂಬ ಸಣ್ಣ ಮಾಲೀಕರ ಅಳಲಿನಲ್ಲಿ ಸತ್ಯವಿದೆ.

ಈ ಗಡುವುಗಳ ಮೇಲೆ ಕೊನೆಯದಾಗಿ ಬಂದು ಸೇರಿದ್ದು ಅರಿವಿನ ದಿನಗಳು. ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದದ್ದು 1966ರ ಮಾರ್ಚ್ 4ರಂದು. 1972ರಿಂದ ಆ ದಿನವನ್ನು ಸುರಕ್ಷತಾ ದಿನವಾಗಿ ಆಚರಿಸಲಾಗುತ್ತಿದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಸ್ಫೋಟಕಗಳನ್ನೂ ಹತ್ತಿಯನ್ನೂ ತುಂಬಿದ್ದ ಹಡಗು ಸಿಡಿದಾಗ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಅಗ್ನಿಶಾಮಕ ಸೇವಾ ದಿನ ಬಂದಿತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟು 1997ರ ಆಗಸ್ಟ್ 13ರ ವಿಶಾಖಾ ತೀರ್ಪಿನಲ್ಲಿ ಕೊಟ್ಟ ಮಾರ್ಗಸೂಚಿ 2013ರಲ್ಲಿ ಕಾಯಿದೆಯ ರೂಪ ಪಡೆದು ಅದೇ ವರ್ಷದ ಡಿಸೆಂಬರ್ 9ರಿಂದ ಜಾರಿಗೆ ಬಂದಿತು. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಯ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿಯತಕಾಲಕ್ಕೆ ಅರಿವಿನ ಕಾರ್ಯಕ್ರಮಗಳನ್ನು ನಡೆಸುವುದನ್ನೇ ಈ ಕಾಯಿದೆ ಮಾಲೀಕನ ಕರ್ತವ್ಯವಾಗಿಸಿರುವುದು ಮಹತ್ವದ ಬೆಳವಣಿಗೆ: ತಿಳಿವಳಿಕೆ ಕೊಡುವುದು ಅಲ್ಲಿಯವರೆಗೆ ಹೆಚ್ಚಾಗಿ ಸದಿಚ್ಛೆಯಾಗಿತ್ತು, ಇಲ್ಲಿ ಬಾಧ್ಯತೆಯಾಯಿತು.

ಆದರೆ ಅರಿವಿನ ದಿನಗಳು ಅಪಾಯದ ದಿನಗಳೊಂದಿಗೆ ಹೊಂದುವುದಿಲ್ಲ. ಮಾರ್ಚ್ 4 ಮತ್ತು ಏಪ್ರಿಲ್ 14 ಎರಡೂ ಅಂಗಡಿಯವನು ವರ್ಷಾಂತ್ಯದ ಲೆಕ್ಕದಲ್ಲಿ ಮುಳುಗಿರುವ ಕಾಲ. ಅಪಾಯ ಹೆಚ್ಚುವುದು ದಸರೆಯಿಂದ ದೀಪಾವಳಿಯವರೆಗಿನ ಹಂಗಾಮಿನಲ್ಲಿ, ಗೋದಾಮು ತುಂಬಿ, ತಾತ್ಕಾಲಿಕ ಆಳುಗಳು ಬಂದು, ಬಾಗಿಲು ತಡರಾತ್ರಿಯವರೆಗೆ ತೆರೆದಿರುವಾಗ. 2023ರ ಅಕ್ಟೋಬರ್ 7ರಂದು, ದೀಪಾವಳಿಗೆ ಒಂದು ತಿಂಗಳಿರುವಾಗ, ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಹಬ್ಬದ ಹಂಗಾಮಿನ ದುಡಿಮೆಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯ ವಯಸ್ಸಿನವರು. ಏಪ್ರಿಲಿನಲ್ಲಿ ನಡೆದಿರಬಹುದಾದ ಯಾವ ಅಗ್ನಿ ಸುರಕ್ಷತೆಯ ಪಾಠವೂ ಅಕ್ಟೋಬರಿನಲ್ಲಿ ಕೆಲಸಕ್ಕೆ ಬಂದ ಹುಡುಗನನ್ನು ತಲುಪಲಾರದು. ಸಣ್ಣ ಸಂಸ್ಥೆಯ ವಾರ್ಷಿಕ ಯೋಜನೆಯಲ್ಲಿ ಸುರಕ್ಷತೆಯ ತಾಲೀಮು ಮಾರ್ಚಿನಲ್ಲಿ ಮುಗಿಯದೆ ನವರಾತ್ರಿಯ ಮುನ್ನಾ ವಾರದಲ್ಲಿ, ಹೊಸ ಆಳುಗಳು ಬಂದು ಸೇರಿದ ಮೇಲೆ, ಮತ್ತೊಮ್ಮೆ ನಡೆಯಬೇಕಾಗಿದೆ. ಉಪಕರಣಗಳನ್ನು ತೊಳೆದು ಜೋಡಿಸುವ ಆಯುಧಪೂಜೆಯ ಸಿದ್ಧತೆ ಅದಕ್ಕೆ ತಾನಾಗಿ ಒದಗಿರುವ ಸಂದರ್ಭ.

ಇತ್ತೀಚಿನ ದಶಕದಲ್ಲಿ ಕಾನೂನಿನ ಬದಲಾವಣೆಗಳ ವೇಗ ಹೆಚ್ಚಿದೆ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು, ಹಣಕಾಸು ವರ್ಷದ ನಡುವೆಯೇ, ಜಾರಿಗೆ ಬಂದು ಸಣ್ಣ ವರ್ತಕರಿಗೆ ತನ್ನದೇ ತಿಂಗಳ ಮತ್ತು ತ್ರೈಮಾಸಿಕ ಗಡುವುಗಳನ್ನು ತಂದಿತು. ಅದರ ದರಗಳ ದೊಡ್ಡ ಪರಿಷ್ಕರಣೆ 2025ರ ಸೆಪ್ಟೆಂಬರ್ 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದ, ಅನ್ವಯವಾಯಿತು. ಬೊಕ್ಕಸವು ತನ್ನ ತಾರೀಕನ್ನು ಹಬ್ಬದ ಖರೀದಿಗೆ ಹೊಂದಿಸಿದ ಈ ಕ್ರಮ ಎಲ್ಲರ ವರ್ಷಾಂತ್ಯವನ್ನೂ ಮಾರ್ಚ್ 31ಕ್ಕೆ ತಂದ 1989ರ ಕ್ರಮಕ್ಕೆ ತದ್ವಿರುದ್ಧವಾದದ್ದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯಿದೆ 'ಹಿಂದಿನ ವರ್ಷ', 'ನಿರ್ಧರಣಾ ವರ್ಷ'ಗಳೆರಡನ್ನೂ ಕೈಬಿಟ್ಟು 'ತೆರಿಗೆ ವರ್ಷ' ಎಂಬ ಒಂದನ್ನೇ ಉಳಿಸಿಕೊಂಡಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿಗಳು ಹಗಲು ರಾತ್ರಿ ತೆರೆದಿರಬಹುದೆಂದು ಕರ್ನಾಟಕ ಸರ್ಕಾರ 2021ರ ಜನವರಿಯಲ್ಲಿ ಹೊರಡಿಸಿದ ಆದೇಶ, ಅಂಗಡಿಯ ರಜೆಯನ್ನೂ ಕೆಲಸಗಾರನ ರಜೆಯನ್ನೂ ಬೇರ್ಪಡಿಸಿತು: ಬಾಗಿಲು ಮುಚ್ಚಿದ್ದರೆ ರಜೆ ತಾನಾಗಿ ಸಿಗುತ್ತಿತ್ತು, ಬಾಗಿಲು ಮುಚ್ಚದ ಕಡೆ ಪ್ರತಿಯೊಬ್ಬನ ರಜೆಯನ್ನೂ ಸರದಿಯ ಪಟ್ಟಿಯಲ್ಲಿ ಹುಡುಕಬೇಕು. ಅರವತ್ತು ವರ್ಷ ಗೋಡೆಯ ಮೇಲಿದ್ದ ಸೂಚನೆಗಿಂತ ಈ ಸರದಿ ಪಟ್ಟಿಗೆ ಹೆಚ್ಚಿನ ಕಾವಲು ಬೇಕಾಗಿದೆ.

2025ರ ನವೆಂಬರ್ 21ರಂದು ಕೇಂದ್ರದ 29 ಕಾರ್ಮಿಕ ಕಾಯಿದೆಗಳ ಬದಲಿಗೆ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. 1936ರ ವೇತನ ಪಾವತಿ ಕಾಯಿದೆಯೂ 1965ರ ಬೋನಸ್ ಕಾಯಿದೆಯೂ ಅವುಗಳಲ್ಲಿ ಲೀನವಾದವು. ರಾಜ್ಯದ ಕಾಯಿದೆಗಳಾದ 1961ರ ಅಂಗಡಿಗಳ ಕಾಯಿದೆಯೂ 1963ರ ರಜೆಗಳ ಕಾಯಿದೆಯೂ ಹಾಗೆಯೇ ಉಳಿದಿವೆ. ಹೊಸ ಸಂಹಿತೆಗಳಲ್ಲಿ ಸಣ್ಣ ಸಂಸ್ಥೆಯ ದುಡಿಮೆಗಾರನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು ನೇಮಕಾತಿ ಪತ್ರದ ಕಡ್ಡಾಯ. ಅದರ ಬೆಲೆ ಕೆಲಸ ಬಿಡುವಾಗ ಸಿಗುವ ಉಪದಾನದಲ್ಲಿ, ಅಂದರೆ ಗ್ರಾಚ್ಯುಟಿಯಲ್ಲಿ, ತಿಳಿಯುತ್ತದೆ. 1972ರ ಉಪದಾನ ಕಾಯಿದೆಯಂತೆ ಐದು ವರ್ಷ ಸತತವಾಗಿ ದುಡಿದವನಿಗೆ ಪ್ರತಿ ಪೂರ್ಣ ವರ್ಷಕ್ಕೆ ಹದಿನೈದು ದಿನದ ಸಂಬಳ ಸಲ್ಲಬೇಕಾಗಿತ್ತು. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷವೇ ಸಾಕೆಂದು ಸಂಹಿತೆ ಈಗ ಹೇಳುತ್ತದೆ. ಈ ಎಣಿಕೆ ಆರಂಭವಾಗುವುದು ಕೆಲಸಕ್ಕೆ ಸೇರಿದ ದಿನದಿಂದ. ಹಳ್ಳಿಯಿಂದ ಪರಿಚಯದವರೊಂದಿಗೆ ಬಂದು, ಬಾಯಿಮಾತಿನಲ್ಲಿ ಕೆಲಸಕ್ಕೆ ನಿಂತು, ಇಪ್ಪತ್ತು ವರ್ಷ ಅದೇ ಅಂಗಡಿಯಲ್ಲಿ ದುಡಿದವನು ತನ್ನ ಉಪದಾನ ಕೇಳಿದಾಗ ಆ ದಿನ ಯಾವುದೆಂದು ತೋರಿಸುವ ಒಂದು ಚೀಟಿಯೂ ಅವನ ಬಳಿ ಇರುತ್ತಿರಲಿಲ್ಲ. ಅಂಗಡಿಯ ವಹಿಯಲ್ಲಿ ಮೊದಲ ಸಂಬಳದ ಖರ್ಚು ಬಿದ್ದ ಸಾಲೊಂದೇ ಅವನ ಸಾಕ್ಷಿ, ಮತ್ತು ಆ ವಹಿ ಇರುತ್ತಿದ್ದುದು ಮಾಲೀಕನ ಕಪಾಟಿನಲ್ಲಿ. ತಾರೀಕು ಬರೆದು ಸಹಿ ಮಾಡಿದ ನೇಮಕಾತಿ ಪತ್ರದ ಪ್ರತಿ ಇನ್ನು ಮುಂದೆ ಅವನ ಕೈಯಲ್ಲೂ ಇರಬೇಕೆಂಬುದು ಈಗಿನ ಕಾನೂನು.